ಮಾದಯ್ಯನ ಹೆಬ್ಬೆಟ್ಟು

"ನಿನ್ನ ಕೈ ತೋರಿಸು, ಅಕ್ಕಾ."

ಮುತ್ತಮ್ಮ ಒಲೆಯ ಮೇಲಿನ ಅಂಟಿನ ಗಡಿಗೆಯಲ್ಲಿ ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಯಾಕ್ ಸಾಮಿ, ಸಾಸ್ತ್ರ ಏಳ್ತಿಯಾ? ಈ ವಯಸ್ಸಿಗೆ ನಂಗ್ಯಾವ ಮದ್ವೆ ಬರ್ತೈತೆ?"

ಜಗಲಿಯಲ್ಲಿ ಕದಿರು ತಿರುಗಿಸುತ್ತಿದ್ದ ಸೊಸೆ ಮಾರಕ್ಕ ನಕ್ಕಳು. "ತೋರ್ಸತ್ತೆ. ಎರಡ್ನೇ ಗಂಡ ಸೇಲಂನಾಗೆ ಕಾಯ್ತಿರ್ಬೋದು."

"ಮುಚ್ಕಂಡು ನೂಲೇ."

ಚೆನ್ನಕೇಶವ ನಗಲಿಲ್ಲ. ಮೂವತ್ತು ವರ್ಷ ಸೇಲಂ ಕೋರ್ಟಿನಲ್ಲಿ ದುಭಾಷಿಯಾಗಿ ನಿಂತವನು ಅವನು. ಯಾರದೋ ಕನ್ನಡವನ್ನು ಯಾರದೋ ಇಂಗ್ಲಿಷಿಗೆ, ಯಾರದೋ ಶಿಕ್ಷೆಯನ್ನು ಯಾರದೋ ತಮಿಳಿಗೆ ಸಾಗಿಸಿದ್ದ. ಸಾವಿರಾರು ಹೆಬ್ಬೆಟ್ಟಿನ ಗುರುತುಗಳನ್ನು ನೋಡಿದ್ದ. ಮೊನ್ನೆ ಕಲೆಕ್ಟರ್ ಕಚೇರಿಯ ಮೇಜಿನ ಮೇಲೆ ನೋಡಿದ ಗುರುತು ಅವನ ಕಣ್ಣಿಂದ ಹೋಗಿರಲಿಲ್ಲ. ಉಣ್ಣೆ ಕಂಪನಿಯ ಕಾಗದದ ಕೊನೆಯಲ್ಲಿ, 'ಪಾಲುದಾರ ಮಾದಯ್ಯ, ಕಾರಿಮಂಗಲಂ' ಎಂಬ ಬರಹದ ಪಕ್ಕದಲ್ಲಿ ಒತ್ತಿದ ಗುರುತು. ನುಣುಪಾದದ್ದು, ಕಿರಿದಾದದ್ದು. ನಲವತ್ತು ವರ್ಷ ಕುರಿಯ ಕೊಂಬು ಹಿಡಿದ ಗಂಡಸಿನ ಹೆಬ್ಬೆಟ್ಟು ಅಷ್ಟು ಚಿಕ್ಕದಿರುವುದಿಲ್ಲ.

ಇಂದು ಬುಧವಾರ. ಶುಕ್ರವಾರ ಹನ್ನೆರಡು ಗಂಟೆಗೆ ಕಚೇರಿಯಲ್ಲಿ ತೀರ್ಮಾನ. ಆ ಹೆಬ್ಬೆಟ್ಟು ಮಾದಯ್ಯನದಲ್ಲ ಎಂಬ ಮೂಗರ್ಜಿ ನಿಜವಾದರೆ ಕಂಪನಿ ಇಲ್ಲ. ಕಂಪನಿ ಇಲ್ಲದಿದ್ದರೆ ಆರ್ನಾಲ್ಡ್ ಕ್ಲೈನ್ ಎಂಬ ವಿಯೆನ್ನಾದ ರಸಾಯನಶಾಸ್ತ್ರಜ್ಞನಿಗೆ ಈ ದೇಶದಲ್ಲಿ ವಾಸದ ಅನುಮತಿ ಇಲ್ಲ. ಅವನ ಹೆಂಡತಿ, ಎಂಟು ವರ್ಷದ ಮಗಳು ಇಟಲಿಯ ಟ್ರಿಯೆಸ್ಟ್ ಬಂದರಿನಲ್ಲಿ ಅದೇ ಕಾಗದಕ್ಕಾಗಿ ಕಾಯುತ್ತಿದ್ದಾರೆ. ವಾಪಸು ಹೋಗಲು ಯೆಹೂದಿಗಳಾದ ಅವರಿಗೆ ಊರಿಲ್ಲ. ಕಳೆದ ವರ್ಷ ವಿಯೆನ್ನಾವನ್ನು ಜರ್ಮನಿ ನುಂಗಿತ್ತು.

ಹಟ್ಟಿಯವರು 'ದೊರೆ' ಎಂದು ಕರೆಯುವ ಕ್ಲೈನ್ ಹೊರಗೆ ಬೇವಿನ ಮರದ ಕೆಳಗೆ ಅತ್ತಿಂದಿತ್ತ ನಡೆಯುತ್ತಿದ್ದ. ಗರಸುಕಲ್ಲಿನ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಈ ಮನೆಗೆ ಬಂದಾಗಲೆಲ್ಲ ಅವನು ಜಗಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೂಟಿನ ದಾರ ಬಿಚ್ಚಿ, ಬರಿಗಾಲಿನಲ್ಲಿ ಮೇಲೆ ಬಂದು ಕಂಬಳಿಯ ಮೇಲೆ ಕೂರುತ್ತಿದ್ದ. ಇಂದೂ ಹಾಗೆಯೇ ಕುಕ್ಕರಿಸಿದ್ದ. "ಸ್ವಲ್ಪ ಹೊತ್ತು ಹೊರಗಿರಿ," ಎಂದಿದ್ದ ಚೆನ್ನಕೇಶವ. ನೀವು ಎದುರಿಗಿದ್ದರೆ ಇವರು ನಿಮಗೆ ಒಳ್ಳೆಯದಾಗುವ ಮಾತನ್ನೇ ಆಡುತ್ತಾರೆ ಎಂದು ವಿವರಿಸಲು ಹೋಗಲಿಲ್ಲ.

"ಕಂಪನಿ ಕಾಗದದ ಮೇಲೆ ಇರೋದು ನಿನ್ನ ಹೆಬ್ಬೆಟ್ಟು," ಎಂದ ಚೆನ್ನಕೇಶವ.

ಸೌಟು ನಿಂತಿತು.

ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸಿ ಮುತ್ತಮ್ಮ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅವನ ಮುಂದೆ ಚಾಚಿದಳು. ಅಂಗೈಯಲ್ಲಿ ಹುಣಸೆ ಬೀಜದ ಅಂಟು ಒಣಗಿ ಬೆಳ್ಳಗೆ ಪೊರೆಯಾಗಿತ್ತು. ಹೆಬ್ಬೆಟ್ಟು ಕಿರಿದು, ನುಣುಪು.

"ನಂದೇ. ಅದ್ಕೇನೀಗ?"

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾಳೆ ಎಂದು ಚೆನ್ನಕೇಶವ ಎಣಿಸಿರಲಿಲ್ಲ. ಕೋರ್ಟಿನಲ್ಲಿ ಜನ ಒಪ್ಪಿಕೊಳ್ಳುವಾಗ ನೆಲ ನೋಡುತ್ತಾರೆ. ಇವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಅಲ್ಲಿ ನಿನ್ನ ಯಜಮಾನರ ಹೆಸರಿದೆ ಅಕ್ಕಾ. ನಿನ್ನದಲ್ಲ."

"ಇರ್ಲಿ. ನಮ್ಮೋರು ಮಂದೆ ಒಡ್ಕಂಡು ಆನೇಕಲ್ ಕಡೆ ಓಗಿದ್ರು. ದೊರೆ ಬಂದ, ಕಂಪ್ನಿ ಕಡುದಾಸಿ ತಂದ. ನಾಳೀಕೇ ಬೇಕು ಅಂದ. ಮಾತು ಮೊದ್ಲೇ ಕೊಟ್ಟಾಗಿತ್ತಲ್ಲ, ಕಂಬಳಿ ಮ್ಯಾಲೆ ಕೂತು. ಇನ್ನ ಎಬ್ಬೆಟ್ಟು ಯಾರ್ದಾದ್ರೇನು? ಮನೆ ಒಂದೇ ಅಲ್ವಾ?"

"ಬೀಗರ ಮನೆಗೆ ಅಡಿಕೆಲೆ ಕೊಡಾಕೆ ಗಂಡಸ್ರೇ ಓಗ್ಬೇಕಾ ಸಾಮಿ?" ಎಂದು ಮಾರಕ್ಕ ಸೇರಿಸಿದಳು. "ಮಾತಾಗಿದ್ರೆ ಯಾರ್ ಕೊಟ್ರೂ ಆಯ್ತದೆ. ಇದೂ ಅಂಗೇ."

ಚೆನ್ನಕೇಶವ ಕಣ್ಣು ಮುಚ್ಚಿದ. ಈ ಹಟ್ಟಿಯಲ್ಲಿ ಮಾತೇ ದಸ್ತಾವೇಜು. ಹಿರಿಯ ಕಂಬಳಿಯ ಮೇಲೆ ಕೂತು ಆಡಿದ್ದು ಮುಗಿಯಿತು. ಆಮೇಲೆ ಒತ್ತುವ ಮಸಿಗುರುತು ಊಟದ ನಂತರದ ವೀಳ್ಯದಂತೆ, ಮರ್ಯಾದೆಗೆ. ಸೇಲಂನಲ್ಲಿ ಇದು ತಿರುವುಮುರುವು. ಅಲ್ಲಿ ಮಸಿ ಮಾತ್ರ ಮಾತು. ಇದನ್ನು ಕಲೆಕ್ಟರ್ ಕಚೇರಿಯ ಯಾವ ಭಾಷೆಗೆ ತರ್ಜುಮೆ ಮಾಡುವುದು? ಅಲ್ಲಿ ಇದಕ್ಕಿರುವ ಶಬ್ದ ಒಂದೇ: ವಂಚನೆ.

"ನೀನು ಒತ್ತುವಾಗ ದೊರೆ ಎದುರಿಗಿದ್ದರಾ?"

"ಇದ್ದ. ಮಸಿ ಡಬ್ಬಿ ಅವನೇ ಇಡ್ಕಂಡಿದ್ದ. ತಲೆ ಬಗ್ಸಿ ನಿಂತಿದ್ದ, ಪಾಪ, ಮೇಷ್ಟ್ರು ಬೈದಂಗೆ."

'ಮಾದಯ್ಯ ಒತ್ತಿದ್ದನ್ನು ನಾನೇ ಕಣ್ಣಾರೆ ನೋಡಿದೆ' ಎಂದು ಕ್ಲೈನ್ ಹೇಳಿದ್ದ. ಹಾಗಾದರೆ ಒಂದು ಸುಳ್ಳು. ಚೆನ್ನಕೇಶವ ಅದನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟ. ಹೆಂಡತಿ ಮಗಳನ್ನು ಬಂದರಿನಲ್ಲಿ ಬಿಟ್ಟು ಬಂದ ಮನುಷ್ಯ ಒಂದು ಸುಳ್ಳು ಹೇಳಬಹುದು. ಎಷ್ಟು ಸುಳ್ಳಿನ ತನಕ ಒಬ್ಬನನ್ನು ಕ್ಷಮಿಸಬೇಕು ಎಂದು ಮಾತ್ರ ಯಾವ ಕಾನೂನಿನ ಪುಸ್ತಕದಲ್ಲೂ ಅವನು ಓದಿರಲಿಲ್ಲ.

ಅವನು ಕೋಟಿನ ಒಳಜೇಬಿನಿಂದ ಮೂಗರ್ಜಿಯನ್ನು ತೆಗೆದ.

ಅರ್ಜಿ ಅವನ ಕೈಗೆ ಬಂದದ್ದು ಕಳ್ಳದಾರಿಯಿಂದಲ್ಲ. ಅದು ಕನ್ನಡದಲ್ಲಿತ್ತು. ಕಚೇರಿಯಲ್ಲಿ ಕನ್ನಡ ಓದುವವರು ಈಗ ಯಾರೂ ಇಲ್ಲ. ಶಿರಸ್ತೇದಾರರು ಹಳೆಯ ದುಭಾಷಿಯನ್ನು ಕರೆಸಿ, ಶುಕ್ರವಾರದೊಳಗೆ ಇಂಗ್ಲಿಷಿಗೆ ಇಳಿಸಿ ಕೊಡಿ, ಎಂದು ರುಜು ಹಾಕಿಸಿಕೊಂಡು ಕೊಟ್ಟಿದ್ದರು. ಅದೇ ಸಂಜೆ ಕ್ಲೈನ್ ಅವನ ಮನೆಯ ಬಾಗಿಲು ತಟ್ಟಿ, ಅದನ್ನು ಬರೆದವರು ಯಾರೆಂದು ಹುಡುಕಿಕೊಡಿ ಎಂದು ಬೇಡಿದ್ದ. ಒಂದೇ ಕಾಗದ, ಎರಡು ಋಣ. ಕಚೇರಿಗೆ ಅವನು ಇದ್ದದ್ದನ್ನು ಇದ್ದಂತೆ ಬರೆದುಕೊಡಬೇಕು. ಕ್ಲೈನ್‌ಗೆ ಅವನು ಬದುಕುವ ದಾರಿ ಹುಡುಕಬೇಕು.

ಎಲ್ಲರ ಅನುಮಾನ ಸೇಲಂನ ಉಣ್ಣೆ ವ್ಯಾಪಾರಿ ರಾಜಗೋಪಾಲ್ ಮೇಲೆ. ಕಂಪನಿ ಬಂದಾಗಿನಿಂದ ಈ ಹಟ್ಟಿಗಳ ಉಣ್ಣೆ ಅವನ ಗಾಡಿ ಹತ್ತಿಲ್ಲ. ಆದರೆ ರಾಜಗೋಪಾಲ್‌ಗೆ ಕನ್ನಡದ ಒಂದಕ್ಷರ ಬಾರದು. ಅವನು ಲಕೋಟೆಗೆ ಅರಗಿನ ಮುದ್ರೆ ಒತ್ತುವವನು. ಈ ಅರ್ಜಿಗೆ ಲಕೋಟೆಯೇ ಇರಲಿಲ್ಲ. ಒಂದು ಹಾಳೆ, ಮಡಿಸಿ ಮಡಿಸಿ ಹುಣಸೆ ಬೀಜದ ಅಂಟು ಬಳಿದು ಮುಚ್ಚಿದ್ದು. ಅಂಟಿನಲ್ಲಿ ಕರಿ ಉಣ್ಣೆಯ ಒಂದು ಎಳೆ. ಅಂಚೆಯ ಮುದ್ರೆ ಪಾಲಕೋಡಿನದು. ಅಕ್ಷರವೋ ಮೈಸೂರು ಸೀಮೆಯ ಶಾನುಭೋಗರ ಕೈಬರಹ, ಗುಂಡಗೆ, ತಲೆಕಟ್ಟು ಉದ್ದವಾಗಿ.

ಈ ಕಡೆ ಕನ್ನಡ ಮನೆಯಲ್ಲಿ ಆಡುವ ಮಾತು. ಬರೆಯುವುದು, ಓದುವುದು ಎಲ್ಲ ತಮಿಳು. ಕನ್ನಡದಲ್ಲಿ ಅರ್ಜಿ ಬರೆಸಬೇಕಾದರೆ ಗಡಿ ದಾಟಿ ಆನೇಕಲ್ ಸಂತೆಗೆ ಹೋಗಬೇಕು. ಗಡಿ ದಾಟುವವರು ಯಾರು?

ಕುರಿ ಮಂದೆಯವರು.

"ಅಕ್ಕಾ, ನೀನು ಹೆಬ್ಬೆಟ್ಟು ಒತ್ತಿದ್ದು ನಿನ್ನ ಯಜಮಾನರಿಗೆ ಗೊತ್ತಾ?"

"ಗೊತ್ತಿಲ್ದೆ? ನಾನೇ ಏಳ್ದೆ. ಓದ ತಿಂಗ್ಳು ಬಂದಿದ್ರು, ಎರಡು ದಿನ."

"ಏನಂದರು?"

ಮುತ್ತಮ್ಮ ಮತ್ತೆ ಒಲೆಯ ಮುಂದೆ ಕೂತಳು. ಉತ್ತರ ಮಾರಕ್ಕನಿಂದ ಬಂತು. ಈಗ ಅವಳ ದನಿಯಲ್ಲಿ ನಗೆಯಿರಲಿಲ್ಲ.

"ಮಾವ ಏನೂ ಅನ್ನಿಲ್ಲ ಸಾಮಿ. ಮುದ್ದೆ ಮುರ್ದಿದ್ದು ಅಂಗೇ ಬಿಟ್ಟು ಎದ್ರು. ಬೆಳಗ್ಗೆ ಕೋಳಿ ಕೂಗೋಕ್ ಮುಂಚೆ ಮಂದೆ ಒಡ್ಕಂಡು ಓದ್ರು. ಓಗ್ತಾ ಒಂದು ಚಿಪ್ಪಲ್ಲಿ ಅಂಟು ತುಂಬಿಸ್ಕಂಡ್ರು. ಕಂಬಳಿ ಅಂಚು ಬಿಟ್ಟೈತೆ, ಅಂದ್ರು."

"ಬಿಟ್ಟಿತ್ತಾ?"

"ನಾನು ನೇಯ್ಸಿದ್ ಕಂಬಳಿ," ಎಂದಳು ಮುತ್ತಮ್ಮ. "ನನ್ ಕಂಬಳಿ ಅಂಚು ಬಿಡಾಕಿಲ್ಲ."

ಜಗಲಿಯ ಹಗ್ಗದ ಮೇಲೆ ಒಂದು ಕರಿ ಕಂಬಳಿ ತೂಗುತ್ತಿತ್ತು. ಅದರ ಕೆಳಗೆ ಹೊಸದೊಂದು ಕಂಬಳಿ ನೆಲದ ಮೇಲೆ ಹರಡಿತ್ತು. ಅಂಚನ್ನು ಎರಡು ಬೆರಳಗಲ ಒಳಕ್ಕೆ ಮಡಿಸಿ, ಅಂಟು ಬಳಿದು, ಮೇಲೆ ಕಲ್ಲು ಹೇರಿದ್ದರು. ಚೆನ್ನಕೇಶವ ಬಾಗಿ ಆ ಅಂಚನ್ನು ಬೆರಳಿನಿಂದ ತಡವಿದ. ಒಣಗಿದ ಕಡೆ ಮಡಿಕೆ ಇದೆ ಎಂದೇ ತಿಳಿಯುತ್ತಿರಲಿಲ್ಲ. ಎರಡು ಪದರ ಒಂದೇ ದಪ್ಪ ಪದರವಾಗಿತ್ತು.

ಆಮೇಲೆ ಕೈಯಲ್ಲಿದ್ದ ಅರ್ಜಿಯ ಕೆಳ ಅಂಚನ್ನು ತಡವಿದ.

ದಪ್ಪವಾಗಿತ್ತು. ಎರಡು ಬೆರಳಗಲ.

ಮೊನ್ನೆಯಿಂದ ಅದನ್ನು ಹತ್ತು ಸಲ ಮುಟ್ಟಿದ್ದ. ಹರಿದ ಹಾಳೆಗೆ ತೇಪೆ ಹಾಕಿದ್ದಾರೆ ಎಂದುಕೊಂಡಿದ್ದ. ಕಚೇರಿಯಲ್ಲೂ ಹಾಗೆಯೇ ಎಣಿಸಿದ್ದರು. ರುಜು ಇಲ್ಲ, ಹೆಸರಿಲ್ಲ, ಮೂಗರ್ಜಿ ಎಂದು ಮೇಲೆ ಗೀಚಿದ್ದರು.

"ಬಿಸಿನೀರು ಇದೆಯಾ?"

"ಕುಡಿಯಾಕಾ?"

"ಇಲ್ಲ. ಅಂಟು ಬಿಡಿಸೋಕೆ."

ಮುತ್ತಮ್ಮ ಅವನ ಕೈಯಿಂದ ಕಾಗದ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು. "ನಮ್ಮನೆ ಅಂಟು," ಎಂದಳು ಮೆಲ್ಲಗೆ. "ಸುಣ್ಣ ಆಕ್ತೀನಿ ನಾನು, ಉಳ ಬರ್ದಂಗೆ." ಕುದಿಯುವ ನೀರಿನ ಚೊಂಬಿನ ಬಾಯಿಗೆ ಆ ಅಂಚನ್ನು ಹಿಡಿದು, ಆವಿ ತಗುಲಿಸಿ, ಉಗುರಿನಿಂದ ಮೂಲೆಯನ್ನು ಎಬ್ಬಿಸಿದಳು. ಎಷ್ಟು ಕಂಬಳಿಗಳ ಅಂಚನ್ನು ಹೀಗೆ ಬಿಚ್ಚಿ ಮತ್ತೆ ಮಡಿಸಿದ್ದಳೋ, ಕಾಗದದ ಒಂದು ಎಳೆಯೂ ಹರಿಯಲಿಲ್ಲ.

ಮಡಿಕೆ ಬಿಚ್ಚಿತು.

ಒಳಗೆ ನಾಲ್ಕು ಸಾಲು. ಸಾಲುಗಳ ಕೆಳಗೆ ದೊಡ್ಡದೊಂದು ಹೆಬ್ಬೆಟ್ಟು, ಅಗಲ, ಕಪ್ಪು. ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಯಾರೋ ಗುರುತನ್ನು ಎರಡು ತುಂಡು ಮಾಡಿದಂತೆ.

ಅಕ್ಷರ ಬಾರದ ಮುತ್ತಮ್ಮ ಅದನ್ನು ಮೊದಲು ಓದಿದಳು.

"ನಮ್ಮೋರ್ದು," ಎಂದಳು. "ಈ ಗೆರೆ ಕತ್ರಿದು. ನನ್ ಮಗ ಉಟ್ಟಿದ್ ವರ್ಸ ಉಣ್ಣೆ ಕತ್ರಿಸ್ವಾಗ ಕುಯ್ಕಂಡಿದ್ದು. ನಾನೇ ಅರಿಶ್ಣ ಒತ್ತಿದ್ದೆ."

ಮಾರಕ್ಕನ ಕದಿರು ನೆಲಕ್ಕೆ ಬಿತ್ತು. "ಅಂದ್ರೆ ಈ ಎಸ್ರಿಲ್ದ ಮೊಟ್ಟ ಕಡುದಾಸಿ ಬರ್ಸಿದ್ದು ಮಾವನಾ? ದೊರೆ ಮ್ಯಾಲೆ? ಅವ್ರೇ ಅಲ್ವಾ ಕಂಬಳಿ ಆಸಿದ್ದು?"

ಹೌದು, ಹಾಸಿದ್ದು ಅವನೇ. ಆ ಕಥೆಯನ್ನು ಕ್ಲೈನ್ ಚೆನ್ನಕೇಶವನಿಗೆ ಹೇಳಿದ್ದ. ಮೆಟ್ಟೂರಿನ ಅಣೆಕಟ್ಟು ನೋಡಲು ಹೋದವನು, ಕೆಳಗೆ ಕಾವೇರಿಯಲ್ಲಿ ಕುರಿ ತೊಳೆಯುವ ಮಾದಯ್ಯನನ್ನು ನೋಡಿದ. ನೀರಿನ ಮೇಲೆ ಜಿಡ್ಡು ತೇಲುತ್ತಿತ್ತು. ಆ ಜಿಡ್ಡಿನಿಂದ ತನ್ನ ಊರಿನಲ್ಲಿ ಮುಲಾಮು ಮಾಡುತ್ತಾರೆ ಎಂದು ಮುರುಕು ತಮಿಳಿನಲ್ಲಿ ಹೇಳಿದ. ಮಾದಯ್ಯ ನಂಬಲಿಲ್ಲ, ನಕ್ಕ. ಮಂದೆಯ ಹಿಂದೆಯೇ ನಡೆದುಕೊಂಡು ಕ್ಲೈನ್ ಕಾರಿಮಂಗಲಂವರೆಗೆ ಬಂದ. ಈ ಕಡೆಯ ಕುರಿಗೆ ಜಿಡ್ಡು ಕಡಿಮೆ ಎಂದು ಗೊತ್ತಾಗುವ ಹೊತ್ತಿಗೆ ಹಳೆಯ ಹುಣಸೆ ಮಂಡಿಯಲ್ಲಿ ಎರಡು ಕಡಾಯಿ ಹೂಡಿಯಾಗಿತ್ತು, ಮಾರಕ್ಕನೂ ಇನ್ನೂ ಆರು ಹೆಂಗಸರೂ ಉಣ್ಣೆ ತೊಳೆಯುವ ಕೆಲಸಕ್ಕೆ ಸೇರಿಯಾಗಿತ್ತು. ಆಗ ಹಟ್ಟಿಯ ಹಿರಿಯನಾದ ಮಾದಯ್ಯ ಅವನಿಗೆ ಕಂಬಳಿ ಹಾಸಿದ.

ಹೊರಗಿನವನು ಹಟ್ಟಿಯಲ್ಲಿ ಉಳಿಯಬೇಕಾದರೆ ಕಂಬಳಿಯ ಮೇಲೆ ಕೂತು ಮೂರು ಮಾತು ಹೇಳಬೇಕು: ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಹಿರಿಯ ಹಣೆಗೆ ಭಂಡಾರ ಇಟ್ಟು 'ಇರು' ಎನ್ನುತ್ತಾನೆ. ಅಲ್ಲಿಗೆ ಅವನು ಇಲ್ಲಿಯವನು. ಬಾವಿಯ ನೀರು ಅವನದೂ ಹೌದು. ಕಲೆಕ್ಟರ್ ಕಚೇರಿಯ ನಮೂನೆಯಲ್ಲೂ ಮೊದಲ ಮೂರು ಪ್ರಶ್ನೆ ಅವೇ, ಎಂದು ಚೆನ್ನಕೇಶವನಿಗೆ ಹೊಳೆಯಿತು. ನಾಲ್ಕನೆಯದು ಬೇರೆ: ಇದಕ್ಕೆ ಆಧಾರವೇನು?

"ಅವತ್ತು ದೊರೆ ಏನೇನು ಹೇಳಿದರು, ನೆನಪಿದೆಯಾ?"

"ಮೂರು ಮಾತೂ ಏಳ್ದ," ಎಂದಳು ಮುತ್ತಮ್ಮ. "ಅಪ್ಪನ್ ಎಸ್ರು ಏಳೋವಾಗ ಅತ್ತ. ನಂಗೆ ಎಸ್ರು ನಿಲ್ಲಾಕಿಲ್ಲ ಸಾಮಿ, ದೊರೆಗಳ ಎಸ್ರು ಬಾಯಾಗೆ ಕಲ್ ಇಟ್ಕಂಡಂಗಿರ್ತದೆ. ಕಂಬಳಿ ಮ್ಯಾಲೆ ಸುಳ್ಳಾಡಿದ್ರೆ ಮಂದೆಗೆ ರೋಗ ಬರ್ತದೆ, ನೋಡ್ಕ, ಅಂದ್ರು ನಮ್ಮೋರು. ಗೊತ್ತು, ಅಂದ. ಆಮೇಲೆ ಏಳ್ದ."

"ಅದೇನ್ ಬರ್ದೈತೆ, ಓದಿ," ಎಂದಳು ಮಾರಕ್ಕ.

ಚೆನ್ನಕೇಶವ ಮೊದಲ ಸಾಲಿನಿಂದ ಓದತೊಡಗಿದ, ಕೋರ್ಟಿನಲ್ಲಿ ಓದುತ್ತಿದ್ದ ಅದೇ ಸಮದನಿಯಲ್ಲಿ. ಮೇಲಿನ ಭಾಗ ಅವನಿಗೆ ಬಾಯಿಪಾಠ. 'ಕಂಪನಿ ಕಾಗದದ ಹೆಬ್ಬೆಟ್ಟು ಮಾದಯ್ಯನದಲ್ಲ, ಕಲೆಕ್ಟರ್ ದೊರೆಗಳು ವಿಚಾರಿಸಬೇಕು.' ಈಗ ಅಂಚಿನೊಳಗಿನ ನಾಲ್ಕು ಸಾಲು.

'ಇದನ್ನು ಬರೆಸಿದವನು ಮಾದಯ್ಯನಾದ ನಾನೇ. ನಮ್ಮ ಹಟ್ಟಿಯಲ್ಲಿರುವ ದೊರೆ ಕೆಟ್ಟವನಲ್ಲ, ಅವನು ಇರಲಿ. ನಾನು ಇರು ಎಂದದ್ದು ಸಾಲೊಮೋನನ ಮಗ ಯಾಕೋಬನಿಗೆ. ಮನೆಯಲ್ಲಿದ್ದ ಕಂಪನಿ ಕಾಗದದ ನಕಲು ಓದಿಸಿದೆ, ಅದರಲ್ಲಿ ಇರುವ ಕ್ಲೈನ್ ಎಂಬುವನು ಯಾರೋ ನಾನರಿಯೆ, ಆ ಹೆಸರಿಗೆ ಹೆಬ್ಬೆಟ್ಟು ಕೊಡಲಾರೆ, ಕೇಳಿದರೆ ಕಚೇರಿಗೆ ಬಂದು ಹೇಳುತ್ತೇನೆ.'

ಗಡಿಗೆಯಲ್ಲಿ ಬುಳಕ್ಕೆಂದು ಅಂಟಿನ ಒಂದು ಗುಳ್ಳೆ ಎದ್ದು ಒಡೆಯಿತು.

ಕಂಬಳಿಯ ಅಂಚಿನಂತೆ ಮಡಿಸಿದ್ದ, ಎಂದುಕೊಂಡ ಚೆನ್ನಕೇಶವ. ಹೆಸರನ್ನೂ ಹೆಬ್ಬೆಟ್ಟನ್ನೂ ದಾರಿಯಲ್ಲಿ ಯಾರೂ ನೋಡದಿರಲೆಂದು. ಕಲೆಕ್ಟರು ಮಡಿಕೆ ಬಿಚ್ಚುತ್ತಾರೆಂದು ಅವನ ನಂಬಿಕೆ. ಅಂಚು ಇದ್ದ ಮೇಲೆ ಅದನ್ನು ಬಿಚ್ಚಲು ಯಾರಿಗೆ ಬರುವುದಿಲ್ಲ?

"ಆಂ," ಎಂದಳು ಮುತ್ತಮ್ಮ, ಕಳೆದದ್ದು ಸಿಕ್ಕಿದಂತೆ. "ಅದೇ ಎಸ್ರು. ಯಾಕೋಬು. ಯಾಕೋಬು ಅಂತ್ಲೇ ಅಂದಿದ್ದು."

ಅವಳ ದನಿ ಗಟ್ಟಿ. ಮಂದೆ ಕರೆದು ಅಭ್ಯಾಸವಾದ ದನಿ.

ಹೊರಗೆ ಗರಸಿನ ಮೇಲಿನ ಬೂಟಿನ ಸದ್ದು ನಿಂತಿತು.

ಚೆನ್ನಕೇಶವ ಕಾಗದವನ್ನು ಮಡಿಸಲಿಲ್ಲ. ಕೈಯಲ್ಲಿ ಹಿಡಿದೇ ಬಾಗಿಲ ಕಡೆ ತಿರುಗಿದ. ಟೋಪಿಯನ್ನು ಎದೆಗೆ ಒತ್ತಿಕೊಂಡು ಕ್ಲೈನ್, ಅಥವಾ ಕ್ಲೈನ್ ಎಂದು ಇಷ್ಟು ದಿನ ಕರೆಸಿಕೊಂಡವನು, ಜಗಲಿಯ ಮುಂದೆ ನಿಂತಿದ್ದ. ಬಿಸಿಲಿಗೆ ಅವನ ಹಣೆ ಕೆಂಪಾಗಿತ್ತು. ಮುಖದಲ್ಲಿ ಭಯ ಇರುತ್ತದೆ ಎಂದುಕೊಂಡಿದ್ದ ಚೆನ್ನಕೇಶವ. ಇದ್ದದ್ದು ಆಯಾಸ, ಬಹಳ ದೂರ ಹೊತ್ತು ತಂದದ್ದನ್ನು ಕೆಳಗಿಡುವವನ ಆಯಾಸ.

"ವರ್ಷವಾಗುತ್ತ ಬಂತು, ಯಾರೂ ನನ್ನನ್ನು ಹಾಗೆ ಕರೆಯದೆ," ಎಂದ ಇಂಗ್ಲಿಷಿನಲ್ಲಿ.

"ಹಾಗಾದರೆ ಆರ್ನಾಲ್ಡ್ ಕ್ಲೈನ್ ಯಾರು?"

"ನನ್ನ ಜೊತೆ ಒಂದೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವನು. ವೀಸಾ ಸಿಕ್ಕಿದ್ದು ಅವನಿಗೆ. ನನಗಲ್ಲ."

"ಈಗ ಎಲ್ಲಿದ್ದಾನೆ?"

"ಸತ್ತು ಹನ್ನೊಂದು ತಿಂಗಳಾಯಿತು."

ಚೆನ್ನಕೇಶವನ ಕೈಯಲ್ಲಿ ಕಾಗದ ತಣ್ಣಗೆ ಒದ್ದೆಯಾಗಿತ್ತು. ಸತ್ತವನ ಪಾಸ್‌ಪೋರ್ಟು. ಸತ್ತವನ ಹೆಸರಿನಲ್ಲಿ ಕಂಪನಿ, ಸತ್ತವನ ಹೆಸರಿಗೆ ವಾಸದ ಅನುಮತಿ. ಇದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿದರೆ ಶುಕ್ರವಾರ ಸಂಜೆಯೊಳಗೆ ಈ ಮನುಷ್ಯನನ್ನು ಕೈಕೋಳ ಹಾಕಿ ಕರೆದೊಯ್ಯುತ್ತಾರೆ. ಆ ನಾಲ್ಕು ಸಾಲನ್ನು ಬಿಟ್ಟು ಇಳಿಸಿದರೆ, ಮೂವತ್ತು ವರ್ಷದಲ್ಲಿ ಮೊದಲ ಬಾರಿ, ಚೆನ್ನಕೇಶವ ಒಬ್ಬನ ಮಾತನ್ನು ನುಂಗಿದವನಾಗುತ್ತಾನೆ. ಅದೂ ಎಂಥವನ ಮಾತು.

ಆಗ ಅವನಿಗೆ ಇನ್ನೊಂದು ನೆನಪಾಯಿತು.

"ಟ್ರಿಯೆಸ್ಟಿನಲ್ಲಿ ಕಾಯುತ್ತಿರುವ ನಿಮ್ಮ ಹೆಂಡತಿ..."

"ಅವಳು ಅವನ ಹೆಂಡತಿ," ಎಂದ ಯಾಕೋಬ್. "ಮಗಳೂ ಅವನದೇ. ನಾನು ಅವರಿಗೆ ಬರೆಯುವ ಕಾಗದ ಟೈಪು ಮಾಡಿದ್ದಿರುತ್ತದೆ. ಅವನು ಸತ್ತದ್ದು ಅವರಿಗೆ ಇನ್ನೂ ತಿಳಿಯದು."

ಒಳಗಿನಿಂದ ಮುತ್ತಮ್ಮ ಕೇಳಿದಳು, "ಏನಂತೆ ಸಾಮಿ? ಏನಂತಾನೆ?"

ದುಭಾಷಿ ಅವಳಿಗೆ ತಡೆ ಎಂದು ಕೈ ತೋರಿದ. ಅವನು ಯಾಕೋಬನನ್ನೇ ನೋಡುತ್ತಿದ್ದ. "ಆರ್ನಾಲ್ಡ್ ಕ್ಲೈನ್ ಹೇಗೆ ಸತ್ತ?"

ಯಾಕೋಬ್ ಟೋಪಿಯ ಅಂಚನ್ನು ತಿರುವತೊಡಗಿದ.

ಮುತ್ತಮ್ಮನಿಗೆ ಇಂಗ್ಲಿಷು ಬಾರದು. ಆದರೆ ಮಾತು ಗಂಟಲಲ್ಲಿ ಸಿಕ್ಕಿಕೊಂಡವನ ಮುಖ ಅವಳಿಗೆ ಗೊತ್ತು. ಎದ್ದು ಬಂದಳು. ಹಗ್ಗದ ಮೇಲಿನ ಕರಿ ಕಂಬಳಿಯನ್ನು ಎಳೆದು, ಎರಡು ಸಲ ಜಾಡಿಸಿ, ಜಗಲಿಯ ಮೇಲೆ ಹಾಸಿದಳು. ಮೂಲೆಯ ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು.

"ನಿಂತ್ಕಂಡು ಯಾಕಪ್ಪಾ? ಬಾ, ಕೂತ್ಕಂಡು ಏಳು."

ಅವನು ಕಂಬಳಿಯನ್ನು ನೋಡಿದ. ಅದರ ಮೇಲೆ ಕೂತು ಸುಳ್ಳಾಡುವಂತಿಲ್ಲ. ಬಂದಾಗಲೆಲ್ಲ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ ಅದೇ ಜಾಗದಲ್ಲಿ ನಿಂತಿದ್ದ.

ಬೂಟಿನ ದಾರ ಬಿಚ್ಚಲಿಲ್ಲ.